ದಿನಕ್ಕೊಂದು ನಂಬರಿನ ಮನೆ

"ನೋಡಬೇಡಿ!"

ಆಫ್ರಾ ಕೂಗಿದ ರಭಸಕ್ಕೆ, ಕೋಣೆಯ ಬಾಗಿಲಿಗೆ ಬಂದಿದ್ದ ಯುವಕ ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇಟ್ಟುಕೊಂಡು ನಿಂತುಬಿಟ್ಟ. ಅವಳು ಕುರ್ಚಿಯ ಬೆನ್ನಿಗೆ ಹಾಕಿದ್ದ ಮೈ ಒರೆಸುವ ಬೈರಾಸನ್ನು ಎಳೆದು ಕಂಪ್ಯೂಟರಿನ ಪರದೆಯ ಮೇಲೆ ಎಸೆದಳು. ಕೂದಲು ಬಿಚ್ಚಿಕೊಂಡು ನಗುತ್ತಿದ್ದ ಮದುಮಗಳೊಬ್ಬಳು ಕೆಂಪು ಚೌಕಳಿಯ ಹಿಂದೆ ಮಾಯವಾದಳು.

"ನೋಡಿದ್ರಾ?"

"ಎಂತದ್ದನ್ನು?"

"ನೋಡಿದ್ರಾ ಇಲ್ವಾ, ಅದು ಹೇಳಿ!"

"ಬೈರಾಸು ನೋಡಿದೆ," ಎಂದ ಅವನು ಗಂಭೀರವಾಗಿ. "ಒಳ್ಳೆ ಬೈರಾಸು."

ಆಫ್ರಾಳಿಗೆ ನಗು ಬಂತು. ಆದರೆ ನಗಬಾರದೆಂದು ತುಟಿ ಕಚ್ಚಿಕೊಂಡಳು. ಗುರುತಿಲ್ಲದವನು, ಕಣ್ಣಲ್ಲಿ ಕುಚೋದ್ಯ ಬೇರೆ...!

"ನಾನು ಝಿಯಾದ್. ಬಿ.ಸಿ.ರೋಡಿನ ಕಂಪ್ಯೂಟರ್ ಅಂಗಡಿಯವ. ರೂಟರಿನ ಕೆಲಸ ಉಂಟು ಅಂತ ನೀವೇ ಅಲ್ವಾ ಫೋನ್ ಮಾಡಿದ್ದು?"

ಹೌದು, ಅವಳೇ ಮಾಡಿದ್ದು. ಅದರ ಹಿಂದೆ ಒಂದು ಕಥೆಯೇ ಇತ್ತು.

ಅದು ೨೦೦೮ನೇ ಇಸವಿ. ಮೇಲ್ಕಾರಿನ ಆಫ್ರಾ ಬಿ.ಎಸ್ಸಿ. ಮುಗಿಸಿ ಮದುವೆಗಳ ಫೋಟೋ ತೆಗೆಯಲು ಶುರುಮಾಡಿದ್ದಳು, ಅದೂ ಹೆಂಗಸರ ಕಡೆಯದ್ದು ಮಾತ್ರ. ಮುಸ್ಲಿಂ ಮದುವೆಗಳಲ್ಲಿ ಹೆಂಗಸರ ಹಾಲಿಗೆ ಗಂಡಸರು ಬರುವುದಿಲ್ಲ. ಅಲ್ಲಿ ಮದುಮಗಳು ತಲೆಯ ಮೇಲಿನ ಬಟ್ಟೆ ತೆಗೆದು, ಗೆಳತಿಯರ ನಡುವೆ ಬಾಯ್ತುಂಬ ನಗುತ್ತಾಳೆ. ಆ ನಗು ಆಫ್ರಾಳ ಕ್ಯಾಮೆರಾಕ್ಕೆ ಸಿಗುತ್ತಿತ್ತು.

"ಬೇರೆ ಗಂಡಸರ ಕಣ್ಣಿಗೆ ಇದು ಬೀಳುವುದಿಲ್ಲ ಅಲ್ವಾ, ಮಗಳೇ?" ಎಂದು ಪ್ರತಿಯೊಬ್ಬ ತಾಯಿಯೂ ಕೇಳುತ್ತಿದ್ದಳು. "ಬೀಳುವುದಿಲ್ಲ," ಎಂದು ಆಫ್ರಾ ಮಾತು ಕೊಡುತ್ತಿದ್ದಳು. ಆ ಒಂದು ಮಾತಿನ ಮೇಲೆಯೇ ಅವಳ ಕೆಲಸ ನಿಂತಿತ್ತು.

ಆಲ್ಬಮ್ ಅಚ್ಚಾಗುತ್ತಿದ್ದದ್ದು ಮೂಡುಬಿದಿರೆಯಲ್ಲಿ, ಶಶಿಪ್ರಭಾ ಎಂಬವರ ಯೂನಿಟ್ಟಿನಲ್ಲಿ. ಅಲ್ಲಿ ಕೆಲಸ ಮಾಡುವವರೆಲ್ಲ ಹೆಂಗಸರೇ. ಆಫ್ರಾ ಸಿಡಿಗಳನ್ನು ಚೀಲದಲ್ಲಿಟ್ಟು, ಬಿ.ಸಿ.ರೋಡಿನಲ್ಲಿ ಬಸ್ಸು ಹತ್ತಿ, ಸಿದ್ಧಕಟ್ಟೆ ದಾಟಿ ತಾನೇ ಕೊಟ್ಟು ಬರುತ್ತಿದ್ದಳು. ಒಮ್ಮೆ ಚೀಲ ಬಸ್ಸಿನಲ್ಲೇ ಉಳಿದುಹೋಯಿತು! ಕಂಡಕ್ಟರ್ ಜೋಪಾನವಾಗಿ ಇಟ್ಟುಕೊಂಡಿದ್ದ, ಮರುದಿನ ಸಿಕ್ಕಿತು. ಆದರೆ ಆ ನಡುವೆ ಆಫ್ರಾ ತುತ್ತು ಅನ್ನ ತಿಂದಿರಲಿಲ್ಲ.

ಇನ್ನು ಬಸ್ಸು ಬೇಡ. ಫೈಲುಗಳು ಇಮೇಲಿನಲ್ಲಿ ಹಿಡಿಸುವುದಿಲ್ಲ. ಯಾವುದೋ ವೆಬ್‌ಸೈಟಿಗೆ ಹಾಕಿದರೆ ಯಾರದೋ ಕಂಪ್ಯೂಟರಿನಲ್ಲಿ ಅವು ಕೂತಿರುತ್ತವೆ. ತನ್ನ ಮನೆಯ ಕಂಪ್ಯೂಟರಿನಿಂದ ಶಶಿಯಕ್ಕನ ಕಂಪ್ಯೂಟರಿಗೆ ನೇರವಾಗಿ ಹೋಗಬೇಕು. ನಡುವೆ ಯಾರೂ ಇರಬಾರದು!

"ಆಗ್ತದೆ," ಎಂದ ಝಿಯಾದ್, ಎಲ್ಲವನ್ನೂ ಕೇಳಿಸಿಕೊಂಡು. "ರೂಟರಿನಲ್ಲಿ ಪೋರ್ಟ್ ಫಾರ್ವರ್ಡ್ ಮಾಡಬೇಕು. ಬೈರಾಸು ತೆಗೆದ್ರೆ ಮಾಡಿ ಕೊಡ್ತೇನೆ."

"ಈ ಕಂಪ್ಯೂಟರಿನ ಮುಂದೆ ಗಂಡಸರು ಕೂತುಕೊಳ್ಳುವ ಹಾಗಿಲ್ಲ."

"ಮತ್ತೆ ನಾನು ಕಣ್ಣು ಮುಚ್ಚಿಕೊಂಡು ಮಾಡುದಾ?"

ಚಹಾ ತಂದ ಆಫ್ರಾಳ ತಾಯಿ, ಉಮ್ಮ ಶಹರ್ಬಾನು ಬಾಗಿಲಲ್ಲೇ ನಿಂತು ನಕ್ಕರು. "ಇವಳ ತಮ್ಮನಿಗೇ ಆ ಕುರ್ಚಿ ಇಲ್ಲ ಮಾರಾಯ. ನೀನು ಯಾವ ಲೆಕ್ಕ?"

ಝಿಯಾದ್ ಸ್ವಲ್ಪ ಹೊತ್ತು ಯೋಚಿಸಿದ. ಆಮೇಲೆ ಒಂದು ಸ್ಟೂಲು ಎಳೆದು, ಪರದೆಗೆ ಬೆನ್ನು ಹಾಕಿ, ಕಿಟಕಿಯ ಕಡೆ ಮುಖ ಮಾಡಿ ಕೂತ.

"ಸರಿ. ನೀವೇ ಮಾಡಿ. ನಾನು ಹೇಳ್ತೇನೆ."

*ಇಂಥವನೂ ಇದ್ದಾನಾ...!* ಆಫ್ರಾ ಅವನ ಬೆನ್ನನ್ನೇ ಒಂದು ಗಳಿಗೆ ನೋಡಿದಳು. ಇಸ್ತ್ರಿ ಮಾಡಿದ ನೀಲಿ ಅಂಗಿ. ಕಾಲರಿನ ಒಂದು ಬದಿ ಮಡಚಿಕೊಂಡಿತ್ತು.

"ಎಂತ ಕಾಣ್ತದೆ ಈಗ?"

"ಕಾಲರ್... ಅಲ್ಲ! ರೂಟರಿನ ಪುಟ ಬಂತು. ಎಡಗಡೆ ಉದ್ದ ಪಟ್ಟಿ ಉಂಟು."

"ಮೊದಲು ನಿಮ್ಮ ಕಂಪ್ಯೂಟರಿಗೆ ಮನೆಯೊಳಗಿನ ಒಂದು ಕಾಯಂ ನಂಬರು ಕೊಡುವ. ರೂಟರ್ ಅಂದ್ರೆ ಮದುವೆ ಹಾಲಿನಲ್ಲಿ ಹೆಂಗಸರ ಬಾಗಿಲಿಗೆ ಕೂತ ಅಜ್ಜಿಯ ಹಾಗೆ. ಒಳಗಿನವರು ಹೊರಗೆ ಹೋದ್ರೆ ಎಂತ ಸಾ ಹೇಳುದಿಲ್ಲ. ಗುರುತಿಲ್ಲದವರು ಹೊರಗಿನಿಂದ ಬಂದ್ರೆ ಒಳಗೆ ಬಿಡುದಿಲ್ಲ. ನಾವೀಗ ಅಜ್ಜಿಯ ಕಿವಿಯಲ್ಲಿ ಹೇಳಿಡುದು, ಇಂಥಾ ನಂಬರು ಹೇಳಿಕೊಂಡು ಬಂದವರನ್ನು ಆಫ್ರಾಳ ಕಂಪ್ಯೂಟರಿನ ಹತ್ತಿರ ಕಳಿಸು, ಉಳಿದವರನ್ನು ಓಡಿಸು ಅಂತ."

"ಅಜ್ಜಿ ಮರೆತ್ರೆ?"

"ಸೇವ್ ಒತ್ತಿದ್ರೆ ಮರೆಯುದಿಲ್ಲ."

ಆಫ್ರಾ ಒತ್ತಿದಳು. ಅವನು ತಂದಿದ್ದ ಫೈಲ್ ಹಂಚುವ ಪ್ರೋಗ್ರಾಂ ಹಾಕಿದಳು. ಪಾಸ್‌ವರ್ಡ್ ಬರೆಯುವಾಗ ಅವನು ತಾನಾಗಿಯೇ ಎದ್ದು ಜಗಲಿಗೆ ಹೋದ. ಅದೂ ಅವಳ ಗಮನಕ್ಕೆ ಬಂತು.

ಎಲ್ಲ ಮುಗಿದ ಮೇಲೆ, ರೂಟರಿನ ಪುಟದಲ್ಲಿ ಕಂಡ, ಹೊರಜಗತ್ತಿಗೆ ಕಾಣುವ ತನ್ನ ಮನೆಯ ಇಂಟರ್ನೆಟ್ ನಂಬರನ್ನು ಟೈಪ್ ಮಾಡಿ ನೋಡಿದಳು. ಏನೂ ತೆರೆಯಲಿಲ್ಲ.

"ಆಗುದಿಲ್ಲ! ಎಲ್ಲ ದಂಡ!"

"ಒಳಗೆ ಕೂತು ನೋಡಿದ್ರೆ ಈ ರೂಟರಿನಲ್ಲಿ ಗೊತ್ತಾಗುದಿಲ್ಲ," ಎಂದ ಝಿಯಾದ್ ತಾಳ್ಮೆಯಿಂದ. "ಹೊರಗಿನಿಂದ ಯಾರಾದ್ರೂ ಬಂದು ತಟ್ಟಬೇಕು. ಅಂಗಡಿಗೆ ಹೋಗಿ ಫೋನ್ ಮಾಡ್ತೇನೆ."

ಫೋನ್ ಬಂದಾಗ ಅವನ ಸ್ವರದ ಹಿಂದೆ ಬಿ.ಸಿ.ರೋಡ್ ಇಡೀ ಗದ್ದಲ ಮಾಡುತ್ತಿತ್ತು. ಹಾರ್ನು, ಸೀಟಿ, "ಮೂಡ್ಬಿದ್ರಿ ಮೂಡ್ಬಿದ್ರಿ" ಎಂಬ ಕೂಗು.

"ನಂಬರು ಹೇಳಿ."

ಆಫ್ರಾ ಒಂದೊಂದೇ ಅಂಕಿ ಓದಿದಳು.

"ಬಂತು! ಹೆಸರು ಕೇಳ್ತಾ ಉಂಟು!"

"ನಿಜವಾ?"

"ನಿಜ. ನಾನು ಬಾಗಿಲ ತನಕ ಬಂದು ವಾಪಸ್ ಹೋಗ್ತಾ ಇದ್ದೇನೆ. ಒಳಗೆ ಬರ್ಲಿಲ್ಲ, ಆಯ್ತಾ?"

ಅವನು ಫೋನ್ ಇಟ್ಟ ಮೇಲೂ ಆಫ್ರಾ ರಿಸೀವರ್ ಹಿಡಿದುಕೊಂಡೇ ನಿಂತಿದ್ದಳು.

ಆದರೆ ಒಂದು ತೊಡಕಿತ್ತು. ಕರೆಂಟು ಹೋಗಿ ಬಂದಾಗಲೆಲ್ಲ ಮನೆಯ ಆ ನಂಬರು ಬದಲಾಗುತ್ತಿತ್ತು.

"ಬದಲಾದಾಗ ಮೊದಲು ನನಗೆ ಹೇಳಿ," ಎಂದಿದ್ದ ಝಿಯಾದ್. "ಹೊರಗಿನಿಂದ ತಟ್ಟಿ ನೋಡಿ ಹೇಳ್ತೇನೆ. ಆಮೇಲೆ ಮೂಡುಬಿದಿರೆಗೆ ತಿಳಿಸಿ."

ಹೀಗೆ ಬೆಳಗ್ಗಿನ ಫೋನು ಶುರುವಾಯಿತು. ಮೊದಮೊದಲು ಬರೀ ಅಂಕಿಗಳು. ಆಮೇಲೆ ಅಂಕಿಗಳ ನಡುವೆ ಮಾತುಗಳು ನುಸುಳಿದವು.

ಒಂದು ದಿನ ಶಶಿಯಕ್ಕನಿಗೆ ಹೆಸರು, ಪಾಸ್‌ವರ್ಡ್ ಎಲ್ಲ ಸರಿಯಾದರೂ ಫೈಲುಗಳ ಪಟ್ಟಿ ಮಾತ್ರ ಬರಲಿಲ್ಲ. ಇನ್ನೂ ಕೆಲವು ಪೋರ್ಟುಗಳನ್ನು ತೆರೆಯಬೇಕಿತ್ತು. ಪರೀಕ್ಷೆ ಮಾಡಲು ಝಿಯಾದ್ ಅಂಗಡಿಯಿಂದಲೇ ಅವಳ ಕಂಪ್ಯೂಟರಿನ ಒಳಗೆ ಬರಬೇಕಾಯಿತು. ಆಫ್ರಾ ಮದುವೆಯ ಫೋಟೋಗಳನ್ನೆಲ್ಲ ಬೇರೆ ಕಡೆಗೆ ಸಾಗಿಸಿ, ಒಂದೇ ಒಂದು ಚಿತ್ರ ಇಟ್ಟು, ಪಾಸ್‌ವರ್ಡ್ ಹೇಳಿದಳು.

"ಬೆಕ್ಕು ಬಂತು!" ಎಂದು ಅವನು ಫೋನಿನಲ್ಲಿ ಕೂಗಿದ. "ನಿಮ್ಮದಾ?"

"ನೆರೆಮನೆಯದ್ದು. ಊಟ ಮಾತ್ರ ನಮ್ಮಲ್ಲಿ."

"ಪುಣ್ಯವಂತ ಬೆಕ್ಕು... ಸರಿ, ಈಗಲೇ ಪಾಸ್‌ವರ್ಡ್ ಬದಲಿಸಿ. ಮರೆಯಬೇಡಿ."

ಶಶಿಯಕ್ಕ ಹಳೆಯದನ್ನು ಆಗಷ್ಟೇ ಬಾಯಿಪಾಠ ಮಾಡಿಕೊಂಡಿದ್ದರು. ನಾಳೆ ಬದಲಿಸುವ ಎಂದುಕೊಂಡಳು ಆಫ್ರಾ. ಆ ನಾಳೆ ಬರಲೇ ಇಲ್ಲ.

ಇನ್ನು ಕರೆಂಟಿನ ವಿಷಯ. ಅದು ಹೋಗದ ದಿನ ನಂಬರು ಬದಲಾಗುವುದಿಲ್ಲ. ನಂಬರು ಬದಲಾಗದಿದ್ದರೆ ಫೋನು ಮಾಡಲು ಕಾರಣವೇ ಇಲ್ಲ! ಅಂಥ ಒಂದು ಬೆಳಿಗ್ಗೆ ಆಫ್ರಾ ಅತ್ತಿತ್ತ ನೋಡಿ, ಮೆಲ್ಲಗೆ ರೂಟರಿನ ಸ್ವಿಚ್ ಆರಿಸಿದಳು. ಸ್ವಲ್ಪ ಹೊತ್ತು ಬಿಟ್ಟು ಹಾಕಿದಳು.

"ಕರೆಂಟು ಹೋಯ್ತಾ?" ಅಡುಗೆಮನೆಯಿಂದ ಉಮ್ಮನ ಸ್ವರ.

"ಹೂಂ... ಹೋಗಿ ಬಂತು."

"ನನ್ನ ಮಿಕ್ಸಿ ತಿರುಗ್ತಾ ಇತ್ತಲ್ಲ? ನಿನ್ನ ಕೋಣೆಗೆ ಮಾತ್ರ ಹೋಗುವ ಕರೆಂಟು ಯಾವುದು?"

ಆಫ್ರಾಳ ಕೆನ್ನೆ ಬಿಸಿಯಾಯಿತು.

ಆ ಸುಖದ ದಿನಗಳ ನಡುವೆ ಸಣ್ಣದೊಂದು ಮುಳ್ಳು ಚುಚ್ಚಿತು. ಶಶಿಯಕ್ಕ ಒಮ್ಮೆ ಹೇಳಿದರು, "ನಮ್ಮ ಕಂಪ್ಯೂಟರ್ ನೋಡುವವ ಹೇಳ್ತಿದ್ದ ಆಫ್ರಾ, ನಂಬರು ಬದಲಾದ್ರೂ ಬದಲಾಗದ ಹೆಸರೊಂದು ಇಟ್ಟುಕೊಳ್ಳಬಹುದಂತೆ. ಪುಕ್ಕಟೆಯಂತೆ. ನಿಮ್ಮವ ಹೇಳ್ಲಿಲ್ವಾ?"

ಹೇಳಿರಲಿಲ್ಲ. ಇಷ್ಟೆಲ್ಲ ತಿಳಿದವನಿಗೆ ಅದು ತಿಳಿಯದೇ ಇರುತ್ತದೆಯೇ? *ಮತ್ತೆ ಯಾಕೆ ಹೇಳಲಿಲ್ಲ...? ಪ್ರತಿ ಸಲ ನಂಬರು ಅವನಿಗೇ ಯಾಕೆ ಮೊದಲು ಸಿಗಬೇಕು?*

ಆಫ್ರಾ ಆ ಯೋಚನೆಯನ್ನು ಅಲ್ಲಿಗೇ ಅದುಮಿದಳು.

ಬೆಳ್ತಂಗಡಿಯ ಹಾಜಬ್ಬರ ಮಗಳ ಆಲ್ಬಮ್ ಹೋಗುತ್ತಿದ್ದ ವಾರ ಅದು. ದೊಡ್ಡ ಮನೆತನ, ದೊಡ್ಡ ಮದುವೆ. ಒಂದು ಸಂಜೆ ಶಶಿಯಕ್ಕ ಫೋನು ಮಾಡಿ, "ಫೈಲು ಬರ್ತಾ ಉಂಟು, ನಾಳೆ ಯೂನಿಟ್ಟಿಗೆ ರಜೆ. ನಂಟರ ಗೃಹಪ್ರವೇಶ," ಎಂದಿದ್ದರು. ಫೈಲು ಅರ್ಧಕ್ಕೆ ನಿಲ್ಲಬಾರದೆಂದು ಆಫ್ರಾ ಮರುದಿನ ಬೆಳಿಗ್ಗೆ ರೂಟರಿನ ಸ್ವಿಚ್ ಮುಟ್ಟಲಿಲ್ಲ.

ಕಂಪ್ಯೂಟರಿನ ಮುಂದೆ ಕೂತು ಪರದೆ ನೋಡಿದಳು.

ಯಾರೋ ಒಳಗಿದ್ದರು!

ಫೋಟೋಗಳು ಒಂದೊಂದಾಗಿ ಹೊರಗೆ ಹೋಗುತ್ತಿದ್ದವು. ಆದರೆ ತೆಗೆದುಕೊಳ್ಳುತ್ತಿದ್ದ ಕಂಪ್ಯೂಟರಿನ ನಂಬರು ನಿನ್ನೆಯ ಮೂಡುಬಿದಿರೆಯ ನಂಬರಲ್ಲ. ಕೂಡಲೇ ಶಶಿಯಕ್ಕನ ಮೊಬೈಲಿಗೆ ಹಚ್ಚಿದಳು.

"ನಾನಾ? ನಾನು ಬೆಳ್ತಂಗಡಿಯಲ್ಲಿ ಇದ್ದೇನೆ ಮಾರಾಯ್ತಿ. ಯೂನಿಟ್ಟಿಗೆ ಬೀಗ. ಯಾಕೆ, ಎಂತಾಯ್ತು?"

ಆಫ್ರಾ ಫೋನು ಇಟ್ಟುಬಿಟ್ಟಳು. ಮನೆಯ ನಂಬರು ಗೊತ್ತಿರುವುದು ಇಬ್ಬರಿಗೆ. ಪಾಸ್‌ವರ್ಡ್ ಗೊತ್ತಿರುವುದೂ ಇಬ್ಬರಿಗೆ. ಒಬ್ಬರು ಬೆಳ್ತಂಗಡಿಯಲ್ಲಿ. ಇನ್ನೊಬ್ಬ... ಅವಳು ಅಂಗಡಿಯ ನಂಬರು ಒತ್ತಿದಳು.

"ಹಲೋ! ಇವತ್ತು ಕರೆಂಟು ಹೋಗ್ಲಿಲ್ವಾ? ಇಷ್ಟು ತಡ?" ಝಿಯಾದನ ಸ್ವರದಲ್ಲಿ ನಗುವಿತ್ತು.

"ನೀವು ಒಳಗೆ ಬಂದ್ರಾ?"

"ಎಲ್ಲಿಗೆ?"

"ನಾಟಕ ಬೇಡ! ಯಾರೋ ಫೋಟೋ ತೆಗೆದುಕೊಳ್ತಾ ಇದ್ದಾರೆ. ನಿಮ್ಮನ್ನು ಬಿಟ್ರೆ ಯಾರಿಗೂ ಗೊತ್ತಿಲ್ಲ. ಬದಲಾಗದ ಹೆಸರು ಇಡಬಹುದು ಅಂತ ಸಾ ನೀವು ಹೇಳ್ಲಿಲ್ಲ... ಇದಕ್ಕೇ ಅಲ್ವಾ?"

ಅವನ ಸ್ವರ ಪೂರ್ತಿ ಬದಲಾಯಿತು.

"ಮೊದಲು ರೂಟರಿನ ಹಿಂದೆ ಇಂಟರ್ನೆಟ್ ಬರುವ ವಯರ್ ಎಳೆಯಿರಿ."

"ಏನು?"

"ಮಾತು ಆಮೇಲೆ. ವಯರ್ ಎಳೆಯಿರಿ ಆಫ್ರಾ!"

ಅವಳು ಎಳೆದಳು. ಪರದೆಯ ಮೇಲೆ ಓಡುತ್ತಿದ್ದ ಫೈಲುಗಳು ನಿಂತವು.

"ನಿಂತಿತಾ? ಈಗ ಹೊಸ ಪಾಸ್‌ವರ್ಡ್ ಹಾಕಿ. ಯಾರಿಗೂ ಹೇಳಬೇಡಿ, ನನಗೆ ಸಾ. ಪೋರ್ಟಿನ ಪುಟಕ್ಕೆ ಹೋಗಿ ನಾವು ಬರೆದದ್ದನ್ನೆಲ್ಲ ಅಳಿಸಿ. ಇನ್ನು ನನ್ನ ಮಾತು ಕೇಳಲಿಕ್ಕೆ ಮನಸ್ಸಿಲ್ಲದಿದ್ರೆ ಬೇರೆಯವರನ್ನು ಕರೆಸಿ ನೋಡಿಸಿ. ಆದರೆ ಇವತ್ತೇ ನೋಡಿಸಿ."

"ನೀವಾ, ಅಲ್ವಾ? ಅದು ಹೇಳಿ!"

"ನಾನಲ್ಲ," ಎಂದ ಝಿಯಾದ್. "ಆದರೆ ನಾನು ಹೇಳಿದ್ದನ್ನು ನಂಬಿ ಅಂತ ಹೇಳುದು ಹೇಗೆ?"

ಫೋನು ಕಟ್ಟಾಯಿತು.

ಆಫ್ರಾ ಕುರ್ಚಿಯಲ್ಲಿ ಕುಸಿದು ಅತ್ತಳು. ಹಾಜಬ್ಬರ ಹೆಂಡತಿಗೆ ಕೊಟ್ಟ ಮಾತು... ಆ ಹುಡುಗಿಯ ನಗು... ಅದಕ್ಕಿಂತಲೂ ಆಳದಲ್ಲಿ ಇನ್ನೊಂದು ನೋವು. *ಅವನೇ ಆಗಿದ್ದರೆ...?*

ಉಮ್ಮ ಹತ್ತಿರ ಬಂದು ತಲೆ ಸವರಿದರು. "ಅವನು ಮಾಡಿದ್ದಾನೆ ಅಂತ ನಿನಗೆ ಗೊತ್ತುಂಟಾ, ಇಲ್ಲ ಹೆದರಿಕೆ ಮಾತ್ರವಾ?"

"ಗೊತ್ತಿಲ್ಲ ಉಮ್ಮ."

"ಹಾಗಾದ್ರೆ ತಿಳಿದುಕೊಂಡು ಬಾ. ಅತ್ತು ಗೊತ್ತಾಗುದುಂಟಾ?"

ಮರುದಿನ ಆಫ್ರಾ ಮತ್ತೆ ಸಿಡಿ ಹಿಡಿದು ಬಸ್ಸು ಹತ್ತಿದಳು. ಚೀಲವನ್ನು ಎದೆಗೆ ಅವಚಿಕೊಂಡಿದ್ದಳು.

ಮೂಡುಬಿದಿರೆಯಲ್ಲಿ ಶಶಿಯಕ್ಕ ಅವಳನ್ನು ಕಂಡದ್ದೇ ಹುಬ್ಬೇರಿಸಿದರು. "ಇದೆಂತ, ಸಿಡಿ? ಅರ್ಧಕ್ಕಿಂತ ಜಾಸ್ತಿ ಬಂದಿದೆಯಲ್ಲ!"

"ಯಾವಾಗ ಬಂದದ್ದು?"

"ಮೊನ್ನೆ ಸಂಜೆ ಸ್ವಲ್ಪ ಬಂದಿತ್ತು. ನಾನು ಹಾಗೇ ಹಾಕಿಟ್ಟು ಹೋದೆ. ರಾತ್ರಿ ಇಲ್ಲಿ ಕರೆಂಟು ಹೋಯ್ತಂತೆ. ಕರೆಂಟು ಬಂದ ಕೂಡ್ಲೇ ಈ ಕಂಪ್ಯೂಟರ್ ತನ್ನಷ್ಟಕ್ಕೇ ಏಳ್ತದೆ ಮಾರಾಯ್ತಿ, ಹಾಗೆ ಮಾಡಿಟ್ಟಿದ್ದಾನೆ ನಮ್ಮ ಹುಡುಗ. ಇಳಿಸುವ ಪ್ರೋಗ್ರಾಂ ಸಾ ಎದ್ದು ಉಳಿದದ್ದನ್ನು ತರಲಿಕ್ಕೆ ಶುರು ಮಾಡಿದೆ. ನಾನಿಲ್ಲದಿದ್ರೂ ಕೆಲಸ ಮಾಡುವವ ಇದೊಬ್ಬನೇ!"

ಆಫ್ರಾ ಕಂಪ್ಯೂಟರಿನ ಹತ್ತಿರ ಬಂದಳು. "ಅಕ್ಕಾ... ನಿಮ್ಮ ರೂಟರಿನ ಪುಟ ತೆರೆಯಿರಿ."

ತೆರೆದರು. ಅಲ್ಲಿ ಅದೇ ನಂಬರು! ನಿನ್ನೆ ಅವಳ ಕಣ್ಣಿಗೆ ಕಳ್ಳನ ಹಾಗೆ ಕಂಡ ನಂಬರು, ಶಶಿಯಕ್ಕನ ಮೇಜಿನ ಮೇಲೆ ಮುಗ್ಧವಾಗಿ ಕೂತಿತ್ತು.

ಕರೆಂಟು ಹೋದರೆ ತನ್ನ ಮನೆಯ ನಂಬರು ಬದಲಾಗುತ್ತದೆ ಎಂದು ಇಷ್ಟು ದಿನ ಊರಿಗೆಲ್ಲ ಹೇಳಿದವಳಿಗೆ, ಆ ಕಡೆಯ ಮನೆಯದ್ದೂ ಬದಲಾಗುತ್ತದೆ ಎಂಬುದು ಹೊಳೆಯಲೇ ಇಲ್ಲವಲ್ಲ...!

"ನಾನು ಅವರನ್ನು ಕಳ್ಳ ಅಂದೆ ಅಕ್ಕಾ."

ಎಲ್ಲ ಕೇಳಿದ ಶಶಿಯಕ್ಕ ಅವಳ ಕೈಯಿಂದ ಸಿಡಿ ತೆಗೆದಿಟ್ಟರು. "ನೀನು ಪೊಲೀಸ್ ಆಗಬೇಕಿತ್ತು. ಇಲ್ಲಿ ಕೂತು ಕಣ್ಣೀರು ಹಾಕಿದ್ರೆ ನನ್ನ ಪೇಪರ್ ಒದ್ದೆ ಆಗ್ತದೆ. ಬಸ್ಸು ಹತ್ತು, ಹೋಗು!"

ಬಿ.ಸಿ.ರೋಡಿನಲ್ಲಿ ಇಳಿದ ಆಫ್ರಾ ಅಂಗಡಿಯ ಮೆಟ್ಟಿಲು ಹತ್ತುವಾಗ ಹೇಳಬೇಕಾದ ಮಾತುಗಳನ್ನು ಜೋಡಿಸಿಕೊಂಡಿದ್ದಳು. ಬಾಗಿಲಿಗೆ ಬಂದದ್ದೇ ಎಲ್ಲವೂ ಚೆಲ್ಲಾಪಿಲ್ಲಿಯಾದವು.

ಝಿಯಾದ್ ಯಾರದೋ ಸಿಪಿಯು ಬಿಚ್ಚಿಕೊಂಡು ಧೂಳು ಊದುತ್ತಿದ್ದ. ತಲೆ ಎತ್ತಿದವನು ಎದ್ದು ನಿಂತ. ಕಣ್ಣಿನ ಆ ಕುಚೋದ್ಯ ಇರಲಿಲ್ಲ.

"ಸಿಕ್ಕಿದನಾ ಕಳ್ಳ?"

"ಶಶಿಯಕ್ಕನ ಕಂಪ್ಯೂಟರ್." ಅವಳ ಸ್ವರ ಒಡೆಯಿತು. "ಅಲ್ಲಿ ಕರೆಂಟು ಹೋಗಿ ನಂಬರು ಬದಲಾಗಿತ್ತು. ನಾನು... ಯೋಚನೆ ಮಾಡಲೇ ಇಲ್ಲ. ನನ್ನನ್ನು ಮಾಫ್ ಮಾಡಿ."

ಝಿಯಾದ್ ದೀರ್ಘವಾಗಿ ಉಸಿರು ಬಿಟ್ಟ. "ಅಲ್‌ಹಮ್ದುಲಿಲ್ಲಾಹ್. ಫೋಟೋಗಳು ಹೊರಗೆ ಹೋಗ್ಲಿಲ್ಲ."

ಅವನಿಗೆ ಮೊದಲು ನೆನಪಾದದ್ದು ಅದು! ಆಫ್ರಾಳ ಕಣ್ಣು ಮತ್ತೆ ತುಂಬಿತು.

"ನಿಮಗೆ ಕೋಪ ಇಲ್ವಾ?"

"ನನಗೂ ಆಗ ಹೊಳೆಯಲಿಲ್ಲವಲ್ಲ, ಇಷ್ಟು ವರ್ಷ ಇದೇ ಕೆಲಸ ಮಾಡಿ! ಅಷ್ಟು ಗಾಬರಿ ನನಗೂ. ನೀವು ಸಂಶಯ ಮಾಡಿದ್ದು ಸರಿಯೇ. ಕಾವಲು ಕೂತವರು ಮುಖ ನೋಡಿ ಬಿಟ್ಟುಬಿಡಬಾರದು. ನನಗೆ ಬೇಸರ ಸಾ ಇಲ್ಲ..." ಅವನು ತಡೆದ. "ಅದು ಸುಳ್ಳು. ಬೇಸರ ಆಯ್ತು. ನಿನ್ನೆ ಇಡೀ ಊಟ ಸೇರ್ಲಿಲ್ಲ."

"ನನಗೂ."

ಕೆಳಗೆ ಬಸ್ಸೊಂದು ಹಾರ್ನ್ ಬಾರಿಸಿ ಹೊರಟಿತು.

"ಆ ಬದಲಾಗದ ಹೆಸರಿನ ವಿಷಯ," ಎಂದ ಝಿಯಾದ್ ಸ್ಕ್ರೂಡ್ರೈವರನ್ನು ಕೈಯಲ್ಲಿ ತಿರುಗಿಸುತ್ತ. "ಅದು ನನ್ನ ತಪ್ಪು. ಮೊದಲ ದಿನವೇ ಗೊತ್ತಿತ್ತು. ಕೂಡ್ಲೇ ಮಾಡಿ ಕೊಡಬಹುದಿತ್ತು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀವು ಬೆಳಿಗ್ಗೆ ಫೋನ್ ಮಾಡ್ತಿದ್ರಾ?"

ಆಫ್ರಾಳ ಎದೆಯೊಳಗೆ ಏನೋ ಮೆಲ್ಲಗೆ ಕರಗಿತು. ಮುಖ ತಗ್ಗಿಸಿದಳು.

"ನನ್ನದೂ ಒಂದು ತಪ್ಪು ಉಂಟು," ಎಂದಳು. "ಕೆಲವು ದಿನ ಕರೆಂಟು ಹೋಗಿರಲಿಲ್ಲ..."

"ಗೊತ್ತು."

"ಏನು ಗೊತ್ತು?"

"ಮೇಲ್ಕಾರಿಗೂ ನಮಗೂ ಒಂದೇ ಲೈನು ಮಾರಾಯ್ರೆ. ಇಲ್ಲಿ ಫ್ಯಾನ್ ತಿರುಗ್ತಾ ಇರುವಾಗ ನೀವು ಕರೆಂಟು ಹೋಗಿ ಬಂತು ಅಂತ ನಂಬರು ಓದ್ತಾ ಇದ್ರಿ. ನಾನು ಸಾ ಪಾಪ ಅಂತ ಬರೆದುಕೊಳ್ತಾ ಇದ್ದೆ."

"ಅಯ್ಯೋ!" ಆಫ್ರಾ ಶಾಲಿನ ತುದಿಯಿಂದ ಮುಖ ಮುಚ್ಚಿಕೊಂಡಳು. ಅಳು ಯಾವುದು, ನಗು ಯಾವುದು ಅವಳಿಗೇ ತಿಳಿಯಲಿಲ್ಲ.

ಝಿಯಾದನ ಸ್ವರ ಮೆತ್ತಗಾಯಿತು.

"ಆಫ್ರಾ, ನನ್ನ ಉಮ್ಮನನ್ನು ನಿಮ್ಮ ಮನೆಗೆ ಕಳಿಸಲಾ?"

ಅವಳು ಶಾಲು ಸರಿಸಿ, ಅವನನ್ನು ನೇರವಾಗಿ ನೋಡಿದಳು.

"ಕಳಿಸಿ. ಆದರೆ ಒಂದು ದೊಡ್ಡ ತೊಂದರೆ ಉಂಟು."

ಅವನ ಮುಖ ಬಾಡಿತು. "ಎಂತ?"

"ನನ್ನ ಮದುವೆಯ ಹೆಂಗಸರ ಕಡೆಯ ಫೋಟೋ ಯಾರು ತೆಗೆಯುದು? ನಾನು ಮದುಮಗಳಾಗಿ ಕೂತಿರ್ತೇನಲ್ಲ!"

ಝಿಯಾದ್ ಗಟ್ಟಿಯಾಗಿ ನಕ್ಕುಬಿಟ್ಟ. "ಶಶಿಯಕ್ಕನನ್ನು ಕರೆಸುವ."

"ಅವರು ತೆಗೆದ್ರೆ ಎಲ್ಲರ ತಲೆ ಕಟ್ಟಾಗ್ತದೆ."

"ಒಳ್ಳೆದೇ ಆಯ್ತು. ತಲೆ ಇಲ್ಲದ ಫೋಟೋ ಯಾರು ನೋಡಿದ್ರೂ ಅಡ್ಡಿಯಿಲ್ಲ."

ಈಗ ಅವಳೂ ನಕ್ಕಳು, ತಡೆಯದೆ, ಬಾಯ್ತುಂಬ. ಝಿಯಾದ್ ಆ ನಗುವನ್ನು ನೋಡುತ್ತಲೇ ನಿಂತ. ಆಮೇಲೆ ಸ್ವಲ್ಪ ಅಳುಕುತ್ತ ಕೇಳಿದ.

"ಆ ಆಲ್ಬಮ್... ನನಗೆ ನೋಡಬಹುದಾ?"

"ಇಡೀ ಆಲ್ಬಮ್ ಇಲ್ಲ. ಅದರಲ್ಲಿ ಬೇರೆ ಹೆಂಗಸರೂ ಇರ್ತಾರೆ."

"ಮತ್ತೆ?"

"ನಾನೊಬ್ಬಳೇ ಇರುವ ಫೋಟೋ ಮಾತ್ರ. ಹತ್ತಿರ ಕೂರಿಸಿಕೊಂಡು ನಾನೇ ತೋರಿಸ್ತೇನೆ."

"ಅಂಥದ್ದು ಜಾಸ್ತಿ ಇರ್ತದಾ?"

ಆಫ್ರಾ ಮೆಟ್ಟಿಲಿನ ಕಡೆ ತಿರುಗಿದವಳು, ಹಿಂದಿರುಗಿ ನೋಡಿದಳು.

"ಇರ್ತದೆ," ಎಂದಳು ಮೆಲ್ಲಗೆ. "ತುಂಬಾ ತೆಗೆಸಿಕೊಳ್ತೇನೆ."